ವಧುವಿನ ಚಿತ್ರ ಕಲಿಯಲು ಯಾವ ದಾರಿ: ಕಾರ್ಯಾಗಾರವೋ, ಸಹಾಯಕರ ಕೆಲಸವೋ, ಸ್ವಂತ ಅಭ್ಯಾಸವೋ?

ಮದುವೆ ಫೋಟೋಗ್ರಫಿ ಕಲಿಯಲು ಯಾವ ಕಾರ್ಯಾಗಾರಕ್ಕೆ ಸೇರಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಂದು ಕೆಲಸ ಹಚ್ಚುತ್ತೇನೆ. ಹೋದ ಸಲದ ಮದುವೆಯಲ್ಲಿ ಗ್ರಾಹಕರಿಗೆ ಕೊಡದೆ ಪಕ್ಕಕ್ಕಿಟ್ಟ ಫೋಟೋಗಳನ್ನು ತೆರೆಯಿರಿ. ಅವುಗಳಲ್ಲಿ ವಧುವಿನ ಒಂಟಿ ಚಿತ್ರಗಳನ್ನಷ್ಟೇ ಆರಿಸಿ. ನೂರು ಸಿಕ್ಕರೆ ನೂರು, ಐವತ್ತು ಸಿಕ್ಕರೆ ಐವತ್ತು. ಪ್ರತಿಯೊಂದರ ಎದುರು ಅದು ಏಕೆ ಕೆಟ್ಟಿತೆಂದು ಒಂದೇ ಪದ ಬರೆಯಿರಿ: ಬೆಳಕು, ಫೋಕಸ್, ಹಿನ್ನೆಲೆ, ಮುಖಭಾವ, ಸಮಯ.

ನಾನು ಈ ಪಟ್ಟಿ ಮಾಡಿದ್ದು ತಡವಾಗಿ, ಬೆಳಕಿನ ಕುರಿತ ಎರಡು ಕಾರ್ಯಾಗಾರಗಳಿಗೆ ದುಡ್ಡು ಸುರಿದ ಮೇಲೆ. ನೋಡಿದರೆ ‘ಬೆಳಕು’ ಎಂಬ ಪದ ಅಲ್ಲೊಂದು ಇಲ್ಲೊಂದು; ‘ಮುಖಭಾವ’ ಮಾತ್ರ ಸಾಲುಗಟ್ಟಿ ನಿಂತಿತ್ತು. ಬೆಳಕು ಹದವಾಗಿ ಬಿದ್ದಿದ್ದ, ಫೋಕಸ್ ರೆಪ್ಪೆಯ ಮೇಲೆ ಕರಾರುವಾಕ್ಕಾಗಿ ಕೂತಿದ್ದ ಚಿತ್ರಗಳಲ್ಲಿ ಹುಡುಗಿ ದಂತವೈದ್ಯರ ಕುರ್ಚಿಯಲ್ಲಿ ಕುಳಿತವಳಂತೆ ನಗುತ್ತಿದ್ದಳು. ನನಗಿದ್ದ ಕಾಯಿಲೆ ಒಂದು, ತೆಗೆದುಕೊಂಡ ಮದ್ದು ಇನ್ನೊಂದು.

ಆ ಪಟ್ಟಿಯನ್ನು ಕೈಯಲ್ಲಿಟ್ಟುಕೊಂಡು ಮುಂದಿನದನ್ನು ಓದಿದರೆ ನಿಮಗೆ ಹೆಚ್ಚು ಉಪಯೋಗ.

ಕಾರ್ಯಾಗಾರ: ಒಂದೇ ಹೆಸರು, ಮೂರು ಸರಕು

ಕಾರ್ಯಾಗಾರ ಎಂಬ ಹೆಸರಿನಲ್ಲಿ ಮೂರು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತವೆ. ಮೊದಲನೆಯದು ವೇದಿಕೆಯ ಉಪನ್ಯಾಸ. ದೊಡ್ಡ ಸಭಾಂಗಣ, ದೊಡ್ಡ ಪರದೆ, ಹೆಸರಾಂತ ಛಾಯಾಗ್ರಾಹಕರು ತಮ್ಮ ಚಿತ್ರಗಳನ್ನು ತೋರಿಸುತ್ತಾ ಹೋಗುತ್ತಾರೆ. ಹುಮ್ಮಸ್ಸು ಬರುತ್ತದೆ, ಪರಿಚಯಗಳಾಗುತ್ತವೆ, ಕೈಗೆ ಏನೂ ಹತ್ತುವುದಿಲ್ಲ. ಇದರ ಬಗ್ಗೆ ಹೆಚ್ಚು ಬರೆಯುವ ಅಗತ್ಯ ನನಗೆ ಕಾಣುವುದಿಲ್ಲ. ಎರಡನೆಯದು ಅಲಂಕರಿಸಿದ ಮಾದರಿ ಚಿತ್ರೀಕರಣ: ರೂಪದರ್ಶಿ, ಮೇಕಪ್, ಹೂವು, ಉಡುಗೆ, ಸ್ಥಳ ಎಲ್ಲವನ್ನೂ ಆಯೋಜಕರೇ ಹೊಂದಿಸಿರುತ್ತಾರೆ, ನೀವು ಹೋಗಿ ಕ್ಲಿಕ್ಕಿಸುವುದಷ್ಟೇ. ಮೂರನೆಯದು ನಾಲ್ಕಾರು ಜನರ ಸಣ್ಣ ಗುಂಪು. ದೀಪವನ್ನು ಸ್ಟ್ಯಾಂಡಿಗೆ ಏರಿಸುವುದರಿಂದ ಹಿಡಿದು ಎಲ್ಲವನ್ನೂ ಕಲಿಯುವವರ ಕೈಯಲ್ಲೇ ಮಾಡಿಸುತ್ತಾರೆ. ಜಾಹೀರಾತಿನಲ್ಲಿ ಮೂರೂ ಒಂದೇ ಥರ ಕಾಣುತ್ತವೆ. ದುಡ್ಡು ಕಟ್ಟಿ ಹೋದ ಮೇಲೆ ವ್ಯತ್ಯಾಸ ತಿಳಿಯುತ್ತದೆ.

ನಾನು ಹೋದ ಒಂದು ಮಾದರಿ ಚಿತ್ರೀಕರಣದ ದೃಶ್ಯ ಇನ್ನೂ ಕಣ್ಣ ಮುಂದಿದೆ. ಒಬ್ಬ ರೂಪದರ್ಶಿ, ಅವಳ ಎದುರು ಅರ್ಧಚಂದ್ರಾಕಾರದಲ್ಲಿ ನಾವು ಹದಿನೈದು ಮಂದಿ. ಮುಂದಿನ ಸಾಲಿನವರು ಮಂಡಿಯೂರಿದ್ದರು, ಹಿಂದಿನವರು ಅವರ ತಲೆಯ ಮೇಲಿಂದ ಕ್ಯಾಮೆರಾ ಚಾಚಿದ್ದರು. ಕ್ಯಾಮೆರಾದಿಂದ ಫ್ಲ್ಯಾಶ್ ಹೊಡೆಸುವ ಟ್ರಿಗರ್ ಇದ್ದದ್ದು ಒಂದೇ. ಅದು ಪೂಜೆಯ ಆರತಿಯಂತೆ ಕೈಯಿಂದ ಕೈಗೆ ಬರುತ್ತಿತ್ತು, ತಲಾ ಎರಡು ನಿಮಿಷ. ಬೋಧಕರು ಜೋರಾಗಿ ಹೇಳಿದರು: “ಐಎಸ್ಒ 100, ಶಟರ್ 1/200, ಎಫ್ 4.” ಬೆಳಕಿಗೆ ಸೆನ್ಸರಿನ ಸಂವೇದನೆ, ಶಟರ್ ತೆರೆದಿರುವ ಸೆಕೆಂಡಿನ ಪಾಲು, ಲೆನ್ಸಿನ ಕಿಂಡಿಯ ಅಳತೆ, ಮೂರನ್ನೂ ಎಲ್ಲರೂ ಹಾಗೆಯೇ ತಿರುಗಿಸಿಕೊಂಡೆವು. ಚಿತ್ರ ಅದ್ಭುತವಾಗಿ ಬಂತು. ಪಕ್ಕದವನ ಕ್ಯಾಮೆರಾ ಪರದೆ ನೋಡಿದರೆ ಅಲ್ಲಿಯೂ ಅದೇ ಚಿತ್ರ, ಒಂದು ಗೇಣು ಎಡಕ್ಕೆ.

ಮುಂದಿನ ವಾರದ ಮದುವೆಯಲ್ಲಿ ವಧುವಿನ ಕೋಣೆಗೆ ಹೋದರೆ ತಗ್ಗು ಚಾವಣಿ, ತಿಳಿ ಹಸಿರು ಬಣ್ಣದ ಗೋಡೆ. ಫ್ಲ್ಯಾಶನ್ನು ಗೋಡೆಗೆ ತಿರುಗಿಸಿ ಬೆಳಕನ್ನು ಮೆದುಗೊಳಿಸಲು ಹೊರಟೆ. ಗೋಡೆ ತನ್ನ ಬಣ್ಣವನ್ನೂ ಸೇರಿಸಿ ವಾಪಸು ಕಳಿಸಿತು. ಹುಡುಗಿಯ ಕೆನ್ನೆಗೆ ಕಾಯಿಲೆಯವರ ಕಳೆ ಬಂತು. ಆ ಮೂರು ಸಂಖ್ಯೆಗಳು ನನ್ನ ತಲೆಯಲ್ಲಿ ಭದ್ರವಾಗಿದ್ದವು, ಅವು ಎಲ್ಲಿಂದ ಬಂದವು ಎಂಬುದು ಗೊತ್ತಿರಲಿಲ್ಲ.

ಕಾರ್ಯಾಗಾರವನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಒಳ್ಳೆಯ ಕಾರ್ಯಾಗಾರ ಕೊಡುವ ಒಂದು ವಿಷಯವನ್ನು ಬೇರೆ ಯಾವ ದಾರಿಯೂ ಅಷ್ಟು ಬೇಗ ಕೊಡುವುದಿಲ್ಲ: ಬೆಳಕು ಬದಲಾಗುವುದನ್ನು ಕಣ್ಣೆದುರೇ ನೋಡುವ ಅವಕಾಶ. ಸಾಫ್ಟ್‌ಬಾಕ್ಸ್ (ಫ್ಲ್ಯಾಶಿನ ಬೆಳಕನ್ನು ಮೆದುಗೊಳಿಸುವ ಬಟ್ಟೆಯ ಪೆಟ್ಟಿಗೆ) ಮುಖದಿಂದ 2 ಮೀಟರ್ ದೂರದಲ್ಲಿದೆ, ಹಿಂದಿನ ಗೋಡೆ ಮುಖದಿಂದ 3 ಮೀಟರ್ ಹಿಂದಿದೆ ಎಂದುಕೊಳ್ಳಿ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಆದ್ದರಿಂದ ಗೋಡೆಗೆ ಬೀಳುವುದು ಮುಖಕ್ಕೆ ಬೀಳುವುದರ ಸುಮಾರು ಆರನೇ ಒಂದು ಪಾಲು. ಅದೇ ಸಾಫ್ಟ್‌ಬಾಕ್ಸನ್ನು 1 ಮೀಟರಿಗೆ ತಂದರೆ ಮುಖದ ಮೇಲೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಫ್ಲ್ಯಾಶಿನ ಶಕ್ತಿಯನ್ನು ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ, ಏರಿಸಿದರೆ ಎರಡು ಪಟ್ಟು) ಇಳಿಸಿ ಮುಖವನ್ನು ಮೊದಲಿನಂತೆಯೇ ಉಳಿಸಿಕೊಂಡರೆ ಗೋಡೆಗೆ ಹೋಗುವುದು ಹದಿನಾರನೇ ಒಂದು ಪಾಲು. ಅಂದರೆ ಒಂದು ಹೆಜ್ಜೆ ಸರಿಸಿದ್ದಕ್ಕೆ ಹಿನ್ನೆಲೆ ಕತ್ತಲಾಯಿತು. ಜೊತೆಗೆ ಹತ್ತಿರ ಬಂದ ದೀಪ ಮುಖದ ಕಡೆಯಿಂದ ನೋಡಿದರೆ ದೊಡ್ಡದಾಯಿತಾದ್ದರಿಂದ ಮೂಗಿನ ನೆರಳಿನ ಅಂಚು ಕರಗಿತು. ಪುಸ್ತಕದಲ್ಲಿ ಓದಿದರೆ ಇದು ಲೆಕ್ಕ. ಯಾರೋ ಸ್ಟ್ಯಾಂಡನ್ನು ಎತ್ತಿ ಮುಂದಿಟ್ಟಾಗ ನೋಡಿದರೆ ಮರೆಯಲಾಗದ ಪಾಠ. ನಿಮ್ಮ ಪಟ್ಟಿಯಲ್ಲಿ ‘ಬೆಳಕು’ ತುಂಬಿದ್ದರೆ ಕಣ್ಣು ಮುಚ್ಚಿಕೊಂಡು ಸಣ್ಣ ಗುಂಪಿನ ಕಾರ್ಯಾಗಾರಕ್ಕೆ ಹೋಗಿ.

ಆದರೆ ಕಣ್ಣು ಮುಚ್ಚುವ ಮೊದಲು ಆಯೋಜಕರಿಗೆ ಕೆಲವು ಪ್ರಶ್ನೆ ಕೇಳಿ. ಒಬ್ಬ ರೂಪದರ್ಶಿಗೆ ಎಷ್ಟು ಜನ ಕಲಿಯುವವರು? ಐದಾರು ದಾಟಿದರೆ ನೀವು ದುಡ್ಡು ಕೊಡುವುದು ಸರದಿಯಲ್ಲಿ ನಿಲ್ಲಲಿಕ್ಕೆ. ದೀಪವನ್ನು ಸೊನ್ನೆಯಿಂದ ಹೊಂದಿಸುವ ಅವಕಾಶ ಪ್ರತಿಯೊಬ್ಬರಿಗೂ ಇದೆಯೇ, ಅಥವಾ ಹೊಂದಿಸಿಟ್ಟ ದೀಪಕ್ಕೆ ಕ್ಲಿಕ್ ಮಾತ್ರವೇ? ಅವರ ಟ್ರಿಗರ್ ನಿಮ್ಮ ಕ್ಯಾಮೆರಾ ಕಂಪನಿಗೆ ಹೊಂದುತ್ತದೆಯೇ? ಇದನ್ನು ಕೇಳದೆ ಹೋಗಿ ಇಡೀ ದಿನ ಬೇರೆಯವರ ಚೀಲ ಕಾದವರನ್ನು ನಾನು ಬಲ್ಲೆ. ಬೋಧಕರು ತಮ್ಮ ಕೆಟ್ಟ ಫ್ರೇಮುಗಳನ್ನು ತೋರಿಸುತ್ತಾರೆಯೇ? ಇದು ನನ್ನ ಮೆಚ್ಚಿನ ಪ್ರಶ್ನೆ. ಮೊದಲ ಕ್ಲಿಕ್ಕಿನಿಂದ ಕೊನೆಯ ಕ್ಲಿಕ್ಕಿನವರೆಗೆ ಒಂದು ಸೆಷನ್ನಿನ ಎಲ್ಲ ಚಿತ್ರಗಳನ್ನೂ ಪರದೆಯ ಮೇಲೆ ಹಾಕಲು ಒಪ್ಪುವ ಗುರು ಸಿಕ್ಕರೆ ಬಿಡಬೇಡಿ. ಎಲ್ಲಿ ತಪ್ಪಿದರು, ತಪ್ಪಿದ್ದನ್ನು ಯಾವ ಕ್ರಮದಲ್ಲಿ ತಿದ್ದಿಕೊಂಡರು ಎಂಬುದು ಅಲ್ಲಿಯೇ ಕಾಣುತ್ತದೆ.

ಮಾದರಿ ಚಿತ್ರೀಕರಣದ ಫೋಟೋಗಳನ್ನು ಪೋರ್ಟ್‌ಫೋಲಿಯೋಕ್ಕೆ ಹಾಕುವ ವಿಚಾರ ಸ್ವಲ್ಪ ನಾಜೂಕು. ರೂಪದರ್ಶಿಯ ಲಿಖಿತ ಒಪ್ಪಿಗೆ ಯಾವ ಬಳಕೆಗೆಲ್ಲ ಅನ್ವಯಿಸುತ್ತದೆ ಎಂಬುದನ್ನು ಮೊದಲೇ ಓದಿ ತಿಳಿಯಬೇಕು. ಒಪ್ಪಿಗೆ ಇದ್ದರೂ ಅದು ಕಾರ್ಯಾಗಾರದ ಚಿತ್ರ ಎಂದು ಹೇಳಿಯೇ ಹಾಕುವುದು ಮರ್ಯಾದೆ. ಮದುವೆಯವರು ಪೋರ್ಟ್‌ಫೋಲಿಯೋ ನೋಡಿ ಕೊಳ್ಳುವುದು ನಿಮ್ಮ ಕೈಚಳಕವನ್ನು. ಅಲ್ಲಿ ದೀಪ ಹಚ್ಚಿದ್ದು ಬೇರೆಯವರು, ಹೂವು ಜೋಡಿಸಿದ್ದು ಬೇರೆಯವರು, ಭಂಗಿ ಹೇಳಿಕೊಟ್ಟಿದ್ದು ಬೇರೆಯವರು. ಮೇಲಾಗಿ ಅದೇ ಹುಡುಗಿ, ಅದೇ ಉಡುಗೆ, ಅದೇ ಕಿಟಕಿ ಇನ್ನೂ ಹದಿನಾಲ್ಕು ಮಂದಿಯ ಪುಟದಲ್ಲಿ ಇರುತ್ತದೆ. ಗ್ರಾಹಕರು ನೀವು ಅಂದುಕೊಂಡಷ್ಟು ಮರೆಗುಳಿಗಳಲ್ಲ.

ಸಹಾಯಕರಾಗಿ ಹೋಗುವುದು

ನಾನು ಒಬ್ಬ ಹಿರಿಯರ ಜೊತೆ ದೀಪ ಹಿಡಿಯಲು ಹೋದ ಮೊದಲ ದಿನ ವಧುವಿನ ಕೋಣೆಯಲ್ಲಿ ಅವರು ಐದು ನಿಮಿಷ ಕ್ಯಾಮೆರಾವನ್ನೇ ಮುಟ್ಟಲಿಲ್ಲ. ಒಳಗೆ ಬಂದವರೇ ಮೊದಲು ಟ್ಯೂಬ್‌ಲೈಟ್ ಆರಿಸಿದರು. ಮಂಚದ ಮೇಲಿದ್ದ ಪೆಟ್ಟಿಗೆಗಳನ್ನು, ಪ್ಲಾಸ್ಟಿಕ್ ಚೀಲಗಳನ್ನು ತಾವೇ ಎತ್ತಿ ಬಾಗಿಲ ಹಿಂದೆ ಇಟ್ಟರು. ಕನ್ನಡಿಯ ಎದುರಿದ್ದ ಕುರ್ಚಿಯನ್ನು ಕಿಟಕಿಯ ಕಡೆಗೆ ಅರ್ಧ ತಿರುಗಿಸಿ, ಮೇಕಪ್ ಮಾಡುವವರನ್ನು ಕೇಳಿದರು: “ಅಮ್ಮಾ, ನಿಮಗೆ ಈ ಬೆಳಕು ಸಾಕಾಗುತ್ತದೆಯೇ?” ಅವರು ಹೂಂ ಎಂದರು. ಅಲ್ಲಿಗೆ ಮುಂದಿನ ನಲವತ್ತು ನಿಮಿಷದ ಎಲ್ಲ ಚಿತ್ರಗಳ ಅರ್ಧ ಕೆಲಸ ಮುಗಿದಿತ್ತು. ನಾನು ಹೊತ್ತುಕೊಂಡು ಹೋಗಿದ್ದ ದೀಪ ಚೀಲದಿಂದ ಹೊರಗೇ ಬರಲಿಲ್ಲ.

ಯಾವ ಕಾರ್ಯಾಗಾರದಲ್ಲಿಯೂ ನನಗೆ ಯಾರೂ ಪೆಟ್ಟಿಗೆ ಎತ್ತಿಡುವುದನ್ನು ಕಲಿಸಿರಲಿಲ್ಲ. ಅಲ್ಲಿ ಪೆಟ್ಟಿಗೆಗಳೇ ಇರುವುದಿಲ್ಲ. ಟ್ಯೂಬ್‌ಲೈಟ್ ಏಕೆ ಆರಿಸಿದರು ಎಂಬುದು ವಾಪಸು ಬರುವ ದಾರಿಯಲ್ಲಿ ತಿಳಿಯಿತು. ಕಿಟಕಿಯ ಬೆಳಕು ಒಂದು ಬಣ್ಣ, ಚಾವಣಿಯ ಬೆಳಕು ಇನ್ನೊಂದು ಬಣ್ಣ; ಎರಡೂ ಒಂದೇ ಮುಖದ ಮೇಲೆ ಬಿದ್ದರೆ ಒಂದು ಕೆನ್ನೆ ಸರಿ ಮಾಡಿದಾಗ ಇನ್ನೊಂದು ಕೆಡುತ್ತದೆ, ಕಂಪ್ಯೂಟರಿನ ಮುಂದೆ ಎಷ್ಟು ಹೊತ್ತು ಕುಳಿತರೂ ಅಷ್ಟೇ.

ಇಲ್ಲಿಯೂ ಎರಡು ಬೇರೆ ಕೆಲಸಗಳಿವೆ, ಕೇಳುವವರು ಅವನ್ನು ಕಲಸಿಕೊಳ್ಳುತ್ತಾರೆ. ಸಹಾಯಕರೆಂದರೆ ದೀಪ, ಬೆಳಕನ್ನು ಮುಖದ ಕಡೆ ತಿರುಗಿಸುವ ರಿಫ್ಲೆಕ್ಟರ್, ಬ್ಯಾಟರಿ, ಚೀಲ. ಎರಡನೇ ಛಾಯಾಗ್ರಾಹಕರೆಂದರೆ ಕ್ಯಾಮೆರಾ ಹಿಡಿದು ಇನ್ನೊಂದು ಕೋನದಿಂದ ಚಿತ್ರ ತೆಗೆಯುವವರು. ಎಲ್ಲರಿಗೂ ಎರಡನೆಯದೇ ಬೇಕು. ಕಲಿಯುವ ದೃಷ್ಟಿಯಿಂದ ನನ್ನ ಓಟು ಮೊದಲನೆಯದಕ್ಕೆ, ಕನಿಷ್ಠ ನಾಲ್ಕೈದು ಮದುವೆಗಳ ಮಟ್ಟಿಗೆ. ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡವರಿಗೆ ತಮ್ಮ ಚೌಕಟ್ಟು ಬಿಟ್ಟು ಬೇರೇನೂ ಕಾಣುವುದಿಲ್ಲ. ದೀಪ ಹಿಡಿದು ಸುಮ್ಮನೆ ನಿಂತವರಿಗೆ ಇಡೀ ಕೋಣೆ ಕಾಣುತ್ತದೆ: ವಧುವಿಗೆ ಯಾವ ಕ್ಷಣದಲ್ಲಿ ಸಾಕಾಯಿತು, ಯಾವ ಸಂಬಂಧಿಕರ ಮಾತಿಗೆ ಅವಳು ನಿಜವಾಗಿ ನಕ್ಕಳು, ಛಾಯಾಗ್ರಾಹಕರು ಯಾವಾಗ ಕ್ಯಾಮೆರಾ ಇಳಿಸಿ ಮಾತಿಗೆ ನಿಂತರು. ನಿಮ್ಮ ಪಟ್ಟಿಯಲ್ಲಿ ‘ಸಮಯ’ ಎಂಬ ಪದ ಜಾಸ್ತಿ ಇದ್ದರೆ ಅದಕ್ಕೆ ಮದ್ದು ಇಲ್ಲಿದೆ. ಎಲ್ಲವೂ ತಡವಾಗಿ, ವಧುವಿನ ಒಂಟಿ ಚಿತ್ರಕ್ಕೆಂದು ಇಟ್ಟಿದ್ದ ಅರ್ಧ ಗಂಟೆ ಏಳು ನಿಮಿಷಕ್ಕೆ ಇಳಿದಾಗ ಏನನ್ನು ಬಿಡಬೇಕು, ಏನನ್ನು ಬಿಡಬಾರದು ಎಂಬುದನ್ನು ಬೇರೆ ಎಲ್ಲಿಯೂ ಕಲಿಯಲಾಗುವುದಿಲ್ಲ.

ದೋಷಗಳೂ ಉಂಟು. ಹಿರಿಯರ ಒಳ್ಳೆಯ ಅಭ್ಯಾಸದ ಜೊತೆ ಕೆಟ್ಟ ಅಭ್ಯಾಸವೂ ಅಂಟುತ್ತದೆ; ನಾನು ಎರಡು ವರ್ಷ ಪ್ರತಿ ವಧುವಿಗೂ ಗಲ್ಲದ ಕೆಳಗೆ ಬೆರಳಿಡಿಸುತ್ತಿದ್ದೆ, ಏಕೆಂದು ನನಗೇ ತಿಳಿಯದು. ಪ್ರಶ್ನೆ ಕೇಳಲು ಅಲ್ಲಿ ಪುರುಸೊತ್ತಿರುವುದಿಲ್ಲ, ಮದುವೆ ನಿಮಗಾಗಿ ನಿಲ್ಲುವುದಿಲ್ಲ. ಕೆಲವರು ಸಹಾಯಕರನ್ನು ಕಲಿಯುವವರೆಂದು ಕಾಣುವುದೇ ಇಲ್ಲ, ಬರೀ ಹೊರೆ ಹೊರಿಸುತ್ತಾರೆ. ಮೂರು ಮದುವೆ ಕಳೆದರೂ ಒಂದು ಮಾತು ವಿವರಿಸದವರ ಬಳಿ ನಾಲ್ಕನೆಯದಕ್ಕೆ ಹೋಗಬೇಡಿ.

ಎರಡನೇ ಛಾಯಾಗ್ರಾಹಕರಾಗಿ ಹೋಗುವುದಾದರೆ ಮೊದಲೇ ಮಾತಾಡಿ ಮುಗಿಸಬೇಕಾದ ಸಂಗತಿಗಳಿವೆ. ನೀವು ತೆಗೆದ ರಾ ಫೈಲುಗಳು (ಕ್ಯಾಮೆರಾ ಉಳಿಸುವ, ಇನ್ನೂ ತಿದ್ದದ ಮೂಲ ಫೈಲುಗಳು) ಯಾರ ಬಳಿ ಉಳಿಯುತ್ತವೆ, ಅವುಗಳಲ್ಲಿ ಯಾವುದನ್ನಾದರೂ ನಿಮ್ಮ ಪೋರ್ಟ್‌ಫೋಲಿಯೋದಲ್ಲಿ ತೋರಿಸಬಹುದೇ, ಯಾವಾಗಿನಿಂದ. ಬಾಯಿಮಾತಿಗಿಂತ ಒಂದು ಸಂದೇಶ ಬರೆದು ಒಪ್ಪಿಗೆ ಪಡೆದರೂ ಸಾಕು. ಇನ್ನೊಂದು ಚಿಕ್ಕ ಕೆಲಸ: ಬೆಳಿಗ್ಗೆಯೇ ಎರಡೂ ಕ್ಯಾಮೆರಾಗಳ ಗಡಿಯಾರವನ್ನು ಸೆಕೆಂಡಿನವರೆಗೆ ಹೊಂದಿಸಿಕೊಳ್ಳಿ. ಇಲ್ಲವಾದರೆ ರಾತ್ರಿ ಎರಡೂ ಕಾರ್ಡುಗಳನ್ನು ಒಂದೇ ಫೋಲ್ಡರಿಗೆ ಸುರಿದಾಗ ಮಾಲೆ ಹಾಕುವ ಮೊದಲೇ ಮಾಲೆ ಹಾಕಿದ ಚಿತ್ರ ಬರುತ್ತದೆ, ಆ ಗೋಜಲನ್ನು ಬಿಡಿಸುವವರು ನಿಮ್ಮನ್ನು ಮತ್ತೆ ಕರೆಯುವುದಿಲ್ಲ.

ಗೆಳತಿ, ಕಿಟಕಿ, ಕುರ್ಚಿ

ಖರ್ಚಿಲ್ಲದ ದಾರಿ ಇದು, ಬಹುಶಃ ಅದಕ್ಕೇ ಯಾರೂ ಗೌರವ ಕೊಡುವುದಿಲ್ಲ. ಗೆಳತಿಯನ್ನೋ ತಂಗಿಯನ್ನೋ ಒಂದು ಮಧ್ಯಾಹ್ನ ಕೂರಿಸಿಕೊಂಡು ಮನೆಯ ಕಿಟಕಿಯ ಬಳಿ ಅಭ್ಯಾಸ ಮಾಡುವುದು. ಗೊತ್ತುಗುರಿಯಿಲ್ಲದೆ ಮಾಡಿದರೆ ಇದು ಕಾಲಹರಣ. ಆದ್ದರಿಂದ ಪ್ರತಿ ಸಲವೂ ಒಂದೇ ಪ್ರಶ್ನೆ ಇಟ್ಟುಕೊಳ್ಳಬೇಕು.

ಉದಾಹರಣೆಗೆ ದೂರ. ಒಂದೇ ಮುಖವನ್ನು ಮೊದಲು ಅರ್ಧ ಮೀಟರಿನಿಂದ, ಆಮೇಲೆ ಎರಡು ಮೀಟರಿನಿಂದ ತೆಗೆಯಿರಿ. ಎರಡರಲ್ಲೂ ಮುಖ ಒಂದೇ ಗಾತ್ರ ಕಾಣುವಂತೆ ಲೆನ್ಸ್ ಬದಲಿಸಿ. ಹತ್ತಿರದ್ದರಲ್ಲಿ ಮೂಗು ಮುಂದೆ ಬಂದು ಕಿವಿಗಳು ಹಿಂದೆ ಸರಿಯುತ್ತವೆ. ಅನೇಕರು ಇದನ್ನು ಲೆನ್ಸಿನ ಗುಣವೆಂದು ತಿಳಿದಿದ್ದಾರೆ, ಆದರೆ ಇದು ನೀವು ನಿಂತ ದೂರದ ಗುಣ. 85 ಎಂಎಂ ಲೆನ್ಸನ್ನು ಮುಖಚಿತ್ರಕ್ಕೆ ಹೊಗಳುವುದು ಅದು ನಿಮ್ಮನ್ನು ಹಿಂದಕ್ಕೆ ನಿಲ್ಲಿಸುತ್ತದೆ ಎಂಬ ಕಾರಣಕ್ಕೆ. ಸಣ್ಣ ಸೆನ್ಸರಿನ ಕ್ಯಾಮೆರಾ ಇದ್ದರೆ 50 ಎಂಎಂ ಲೆನ್ಸೇ 75 ಅಥವಾ 80ರಂತೆ ನೋಡುತ್ತದೆ, ಹೊಸದನ್ನು ಕೊಳ್ಳುವ ಅವಸರ ಬೇಡ.

ಇನ್ನೊಂದು ದಿನ ಬಟ್ಟೆ. ಚೌಕಟ್ಟು ತುಂಬ ಬಿಳಿ ಬಟ್ಟೆ ಇಟ್ಟು ಕ್ಯಾಮೆರಾ ಹೇಳಿದಂತೆ ತೆಗೆದರೆ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿಗೆ ಎಲ್ಲವನ್ನೂ ನಡುಮಧ್ಯದ ಬೂದಿಗೆ ಎಳೆಯುವುದಷ್ಟೇ ಗೊತ್ತು. ಒಂದರಿಂದ ಒಂದೂವರೆ ಸ್ಟಾಪ್ ಏರಿಸಿದರೆ ಬಿಳಿ ಬಿಳಿಯಾಗುತ್ತದೆ, ಇನ್ನೂ ಏರಿಸಿದರೆ ನೇಯ್ಗೆಯ ವಿವರ ಸುಟ್ಟುಹೋಗುತ್ತದೆ. ಕಡುಬಣ್ಣದ ಬಟ್ಟೆಗೆ ಇದರ ಉಲ್ಟಾ. ಮದುವೆಯ ದಿನ ಉಡುಗೆ ಬದಲಾದಾಗ ಕೈ ತಾನಾಗಿ ಸ್ಟಾಪ್ ಏರಿಳಿಸುವ ಚಕ್ರವನ್ನು ತಿರುಗಿಸಬೇಕಾದರೆ ಮನೆಯಲ್ಲಿ ಹತ್ತು ಸಲ ತಿರುಗಿಸಿರಬೇಕು.

ಮನೆಯ ಅತ್ಯಂತ ಕೆಟ್ಟ ಕೋಣೆಯಲ್ಲೂ ಒಂದು ದಿನ ಅಭ್ಯಾಸ ಮಾಡಿ. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ಅಗ್ಗದ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಶಟರ್ 1/500ಕ್ಕೆ ಇಟ್ಟರೆ ಒಂದು ಚಿತ್ರ ಕಪ್ಪು, ಒಂದು ಬಿಳುಪು, ಮತ್ತೊಂದರಲ್ಲಿ ಅಡ್ಡ ಪಟ್ಟಿ. 1/100 ಅಥವಾ 1/50ಕ್ಕೆ ಇಳಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಹಳದಿ ಬಲ್ಬುಗಳ ಕೋಣೆಯಲ್ಲಿ ಬರಿಯ ಫ್ಲ್ಯಾಶ್ ಹೊಡೆದರೆ ಮುಖ ಸರಿ, ಹಿಂದಿನದೆಲ್ಲ ಕಿತ್ತಳೆ; ಫ್ಲ್ಯಾಶಿನ ಮುಂದೆ ಕಿತ್ತಳೆ ಬಣ್ಣದ ಹಾಳೆ ಕಟ್ಟಿ ಕ್ಯಾಮೆರಾದ ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣವನ್ನು ಸರಿದೂಗಿಸುವ ಹೊಂದಾಣಿಕೆ) ಹಳದಿ ಬಲ್ಬಿಗೆ ತಕ್ಕಂತೆ ಇಳಿಸಿದರೆ ಎರಡೂ ಒಂದಾಗುತ್ತವೆ. ಇವೆಲ್ಲ ಒಮ್ಮೆ ಕೈಯಾರೆ ಎಡವಿ ಕಲಿತರೆ ಮಾತ್ರ ಒಗ್ಗುವ ಸಂಗತಿಗಳು, ಮತ್ತು ಎಡವಲು ತಂಗಿಯ ಎದುರಿಗಿಂತ ಸುರಕ್ಷಿತ ಜಾಗ ಇಲ್ಲ.

ಈ ದಾರಿಯ ಕೊರತೆ ಒಂದೇ: ತಿದ್ದುವವರಿಲ್ಲ. ತಪ್ಪನ್ನು ನೂರು ಸಲ ಮಾಡಿದರೆ ಅದು ಶೈಲಿಯೆಂಬ ಹೆಸರು ಪಡೆಯುತ್ತದೆ.

ಆನ್‌ಲೈನ್ ಕೋರ್ಸ್

ಮುಖದ ಎದುರು ನಿಲ್ಲಬೇಕಿಲ್ಲದ ಎಲ್ಲವನ್ನೂ ಇಲ್ಲಿ ಕಲಿಯಬಹುದು, ಅದಕ್ಕೆ ಬೇರೆ ಕಡೆ ದುಡ್ಡು ಕೊಡಬೇಡಿ. ಫೈಲುಗಳನ್ನು ಜೋಡಿಸುವುದು, ಬಣ್ಣ ತಿದ್ದುವುದು, ಆಲ್ಬಂ ವಿನ್ಯಾಸ, ಮೂರು ಪ್ರತಿ ಇಟ್ಟು ಅದರಲ್ಲಿ ಒಂದನ್ನು ಬೇರೆ ಕಟ್ಟಡದಲ್ಲಿ ಕಾಪಾಡುವ ಶಿಸ್ತು. ಜೆಪೆಗ್‌ನ 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಿದ್ದರೆ 14 ಬಿಟ್‌ನ ರಾ ಫೈಲಿನಲ್ಲಿ 16,384 ಹಂತಗಳಿರುತ್ತವೆ. ಕತ್ತಲಾದ ಮುಖವನ್ನು ಆಮೇಲೆ ಎತ್ತಲು ಅದೇ ಬಂಡವಾಳ. ಇಂಥದ್ದನ್ನು ವೀಡಿಯೋ ನಿಲ್ಲಿಸಿ ನಿಲ್ಲಿಸಿ ನೋಡುವುದೇ ಲೇಸು. ಭಂಗಿಗಳ ವೀಡಿಯೋಗಳಿಂದ ಮಾತ್ರ ದೂರವಿರಿ ಎನ್ನುತ್ತೇನೆ. ಅಲ್ಲಿನ ರೂಪದರ್ಶಿಗೆ ಕೈ ಎಲ್ಲಿಡಬೇಕೆಂಬುದು ಹೇಳುವ ಮೊದಲೇ ಗೊತ್ತಿರುತ್ತದೆ.

ಬೇರೆ ದಿನದ ವಧು

ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳದ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ದಾರಿ ಒಂದಿದೆ: ನಿಜವಾದ ವಧುವಿನ ಚಿತ್ರವನ್ನು ಮದುವೆಯ ದಿನ ಬಿಟ್ಟು ಬೇರೊಂದು ದಿನ ತೆಗೆಯುವುದು.

ಇದು ಹೊಸ ಫ್ಯಾಷನ್ ಏನಲ್ಲ. ಫೋಟೋಗ್ರಫಿಯ ಮೊದಲ ಯಶಸ್ವಿ ವಿಧಾನ ಜಗತ್ತಿಗೆ ಪ್ರಕಟವಾದದ್ದು 1839ರಲ್ಲಿ. ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಮದುವೆಯಾದದ್ದು 1840ರಲ್ಲಿ. ಆ ದಿನದ ಫೋಟೋ ಇಲ್ಲ. ಅವಳ ಮದುವೆಯದೆಂದು ಎಷ್ಟೋ ಜನ ತಿಳಿದುಕೊಂಡಿರುವ ಚಿತ್ರಗಳನ್ನು ರೋಜರ್ ಫೆಂಟನ್ ತೆಗೆದದ್ದು 1854ರಲ್ಲಿ, ಹದಿನಾಲ್ಕು ವರ್ಷದ ಮೇಲೆ. ಆಗಿನ ಕ್ಯಾಮೆರಾಗಳಿಗೆ ಕೆಲವು ಸೆಕೆಂಡಾದರೂ ಅಲುಗಾಡದೆ ಕೂರುವವರು ಬೇಕಿತ್ತು, ಮದುವೆಮನೆಯಲ್ಲಿ ಹಾಗೆ ಕೂರುವವರು ಯಾರು? ವಧುವಿನ ಚಿತ್ರ ಬಹುಕಾಲ ಸ್ಟುಡಿಯೋದ ಚಿತ್ರವೇ ಆಗಿತ್ತು.

ಕಲಿಯುವವರಿಗೆ ಇದರಲ್ಲಿ ಏನು ಲಾಭ ಎಂದರೆ, ಇಲ್ಲಿ ಕಾರ್ಯಾಗಾರದ ಬಿಡುವೂ ಇದೆ, ಮದುವೆಯ ನಿಜವೂ ಇದೆ. ಎದುರಿಗಿರುವವಳು ರೂಪದರ್ಶಿಯಲ್ಲ. ಕ್ಯಾಮೆರಾ ಕಂಡರೆ ಭುಜ ಕಿವಿಗೆ ಏರುತ್ತದೆ, ತನ್ನ ಎಡಗಡೆ ಚೆನ್ನಾಗಿಲ್ಲ ಎಂದು ಅವಳಿಗೆ ಯಾರೋ ಹೇಳಿದ್ದಾರೆ, ಉಡುಗೆ ಬಿಗಿಯಾಗಿದೆ, ಜೊತೆಗೆ ಬಂದ ಅಕ್ಕ ಪ್ರತಿ ಚಿತ್ರಕ್ಕೂ ಸಲಹೆ ಕೊಡುತ್ತಿದ್ದಾಳೆ. ಆದರೆ ಗಡಿಯಾರ ಓಡಿಸುವವರಿಲ್ಲ. ಮೊದಲ ಇಪ್ಪತ್ತು ನಿಮಿಷದ ಚಿತ್ರಗಳು ಹಾಳಾದರೂ ಚಿಂತೆಯಿಲ್ಲ. ನಾನು ಆ ಇಪ್ಪತ್ತು ನಿಮಿಷವನ್ನು ಮುಖ ಬಿಟ್ಟು ಬೇರೆಯದಕ್ಕೆ ಕೊಡುತ್ತೇನೆ: ಕೈ, ಬೆನ್ನು, ಉಡುಗೆಯ ಅಂಚು. ಅವಳಿಗೆ ಕ್ಯಾಮೆರಾದ ಸದ್ದು ರೂಢಿಯಾಗುತ್ತದೆ. ಆಮೇಲೆ “ನಗಿ” ಎನ್ನುವುದಿಲ್ಲ. ಕಿವಿಯ ಆಭರಣವನ್ನು ಸ್ವಲ್ಪ ಸರಿಮಾಡಿಕೊಳ್ಳಿ ಎನ್ನುತ್ತೇನೆ. ಕೈಗೆ ಕೆಲಸ ಸಿಕ್ಕಿದ ಕೂಡಲೇ ಭುಜ ಇಳಿಯುತ್ತದೆ. ಸರಿಯಾಯಿತೇ ಎಂದು ಅವಳು ತಲೆಯೆತ್ತಿ ಅಕ್ಕನ ಕಡೆ ನೋಡುತ್ತಾಳಲ್ಲ, ಆ ನೋಟಕ್ಕಾಗಿ ಕಾಯುತ್ತಿರುತ್ತೇನೆ. ಪಟ್ಟಿಯಲ್ಲಿ ‘ಮುಖಭಾವ’ ತುಂಬಿಕೊಂಡವರು ಬೇರೆಲ್ಲಿಯೂ ಅಲೆಯದೆ ಇಂಥ ಐದು ಸೆಷನ್ ಮಾಡಲಿ.

ವಧು ಎಲ್ಲಿಂದ ಸಿಗುತ್ತಾಳೆ? ಈಗಾಗಲೇ ಮದುವೆಯ ಕೆಲಸ ಒಪ್ಪಿಸಿದವರಿಗೆ ಒಂದು ಗಂಟೆಯ ಸೆಷನ್ನನ್ನು ಸೇರಿಸಿ ಕೊಡಿ. ಕೆಲಸವಿನ್ನೂ ಸಿಗದವರು ಹೋದ ವರ್ಷ ಮದುವೆಯಾದ ಪರಿಚಿತರನ್ನು ಕೇಳಬಹುದು. ಅದೇ ಉಡುಗೆಯನ್ನು ಇನ್ನೊಮ್ಮೆ ಉಡಲು ಸಂತೋಷಪಡುವವರು ನೀವು ಎಣಿಸಿದ್ದಕ್ಕಿಂತ ಹೆಚ್ಚಿದ್ದಾರೆ. ನೀವು ಇನ್ನೂ ಕಲಿಯುತ್ತಿದ್ದೀರಿ ಎಂಬುದನ್ನು ಮೊದಲೇ ಹೇಳಿ, ಚಿತ್ರಗಳನ್ನು ಎಲ್ಲಿ ತೋರಿಸುತ್ತೀರಿ ಎಂಬುದಕ್ಕೆ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಬೇಡವೆಂದರೆ ಬೇಡ.

ಒಬ್ಬ ಗುರುವಿನ ಎದುರು

ಚಿತ್ರಗಳನ್ನು ಅನುಭವಿಗಳಿಗೆ ತೋರಿಸಿ ಒಂದು ಗಂಟೆ ವಿಮರ್ಶೆ ಕೇಳುವ ದಾರಿಯೂ ಇದೆ. ದುಬಾರಿ, ಆದರೆ ನೇರ. ಅಲ್ಲಿಗೆ ಆರಿಸಿದ ಇಪ್ಪತ್ತು ಚಿತ್ರ ಒಯ್ಯಬೇಡಿ. ಹೊಗಳಿಕೆ ಕೇಳಿ ಬರುತ್ತೀರಿ ಅಷ್ಟೇ. ಒಂದು ಮದುವೆಯ ವಧುವಿನ ಎಲ್ಲ ಚಿತ್ರಗಳನ್ನು ತೆಗೆದ ಕ್ರಮದಲ್ಲೇ ಒಯ್ಯಿರಿ. ನನ್ನದನ್ನು ನೋಡಿದವರು ಹತ್ತನೇ ನಿಮಿಷಕ್ಕೆ ಕೇಳಿದ್ದು ಇಷ್ಟು: “ಇಲ್ಲಿ ಒಂದೇ ಭಂಗಿಯಲ್ಲಿ ಮೂವತ್ತೊಂದು ಕ್ಲಿಕ್ ಇದೆಯಲ್ಲ, ಹುಡುಕುತ್ತಿದ್ದದ್ದು ಏನನ್ನು?” ನನ್ನ ಬಳಿ ಉತ್ತರವಿರಲಿಲ್ಲ.

ಯಾರಿಗೆ ಯಾವುದು

ಒಂದು ಮದುವೆಯನ್ನೂ ತೆಗೆಯದವರು ಕಿಟಕಿ, ಕುರ್ಚಿಯಿಂದ ಶುರು ಮಾಡಿ ಒಂದೆರಡು ತಿಂಗಳು ಅಲ್ಲೇ ಇರಬೇಕು. ಕ್ಯಾಮೆರಾದ ಚಕ್ರಗಳು ಕತ್ತಲಲ್ಲೂ ಕೈಗೆ ಸಿಗುವಂತಾದ ಮೇಲೆ ಸಹಾಯಕರಾಗಿ ಹೋಗುವುದು ಸರಿ. ಕಾರ್ಯಾಗಾರಕ್ಕೆ ಅವಸರ ಬೇಡ. ಏನು ಕೇಳಬೇಕೆಂದು ಗೊತ್ತಿಲ್ಲದೆ ಹೋದರೆ ಸಂಖ್ಯೆಗಳನ್ನು ಬರೆದುಕೊಂಡು ಬರುತ್ತೀರಿ. ಐದರಿಂದ ಹದಿನೈದು ಮದುವೆ ತೆಗೆದವರಿಗೆ ಸಣ್ಣ ಗುಂಪಿನ ಕಾರ್ಯಾಗಾರದ ದುಡ್ಡು ವಸೂಲಾಗುತ್ತದೆ, ಏಕೆಂದರೆ ಅವರ ಬಳಿ ಹಸಿರು ಗೋಡೆಯ ಕಥೆಗಳಿರುತ್ತವೆ. ಹೊಟ್ಟೆಪಾಡಿಗೆ ಇದನ್ನೇ ನಂಬಿ, ಬಿಡುವಿಲ್ಲದವರು ಬೇರೆ ದಿನದ ಸೆಷನ್‌ಗಳನ್ನು ಕೆಲಸದೊಳಗೇ ಸೇರಿಸಿಕೊಳ್ಳಲಿ, ಕಲಿಕೆಗೆ ಬೇರೆ ದಿನ ಹುಡುಕಬೇಕಾಗುವುದಿಲ್ಲ.

ಐವತ್ತು ಮದುವೆ ದಾಟಿ, ಎಲ್ಲವೂ ಸರಿಯಿದ್ದೂ ಏನೋ ಸಪ್ಪೆ ಎನಿಸುವವರಿಗೆ ಮಾತ್ರ ನಾನು ಬೇರೆಯದೇ ಒಂದನ್ನು ಹೇಳುತ್ತೇನೆ. ಸಹೋದ್ಯೋಗಿಯೊಬ್ಬರನ್ನು ಕರೆದು, ನೀವೇ ಅಂದವಾಗಿ ಉಡುಪು ತೊಟ್ಟು, ಅರ್ಧ ಗಂಟೆ ವಧುವಿನ ಕುರ್ಚಿಯಲ್ಲಿ ಕುಳಿತುಕೊಳ್ಳಿ. ನಾನು ಕುಳಿತಿದ್ದೆ. ಸಾಫ್ಟ್‌ಬಾಕ್ಸಿನ ಹಿಂದೆ ಗೆಳೆಯನ ಮುಖ ಕಾಣುತ್ತಿರಲಿಲ್ಲ. ಪ್ರತಿ ಕ್ಲಿಕ್ಕಿನ ಆಮೇಲೆ ಅವನು ಕ್ಯಾಮೆರಾದ ಪರದೆ ನೋಡಿ ಹುಬ್ಬು ಗಂಟಿಕ್ಕುತ್ತಿದ್ದುದು ಮಾತ್ರ ಒಮ್ಮೊಮ್ಮೆ ಕಾಣುತ್ತಿತ್ತು, ನನ್ನ ಮುಖದಲ್ಲಿ ಏನು ತಪ್ಪಿದೆಯೋ ಎಂದು ಕೈ ಬೆವರುತ್ತಿತ್ತು. ಆ ಅರ್ಧ ಗಂಟೆಯಲ್ಲಿ ಅವನು ಒಟ್ಟು ಮೂರು ಮಾತಾಡಿದ: “ಇನ್ನೊಂದು”, “ಇನ್ನೊಂದು”, “ಆಯಿತು.”